ಮಗುವಿನ ಕಾರ್ ಸೀಟು ಬದಲಿಸುವುದು ಯಾವಾಗ? ಹುಟ್ಟುಹಬ್ಬ ನೋಡಬೇಡಿ, ತಲೆ ನೋಡಿ

"ಪಾಪುಗೆ ಒಂದು ವರ್ಷ ತುಂಬಿತು, ಇನ್ನು ದೊಡ್ಡ ಸೀಟಿಗೆ ಹಾಕಬಹುದಾ?" ತುಮಕೂರು, ತಿಪಟೂರು, ಕುಣಿಗಲ್ ಕಡೆಯ ಓದುಗರು ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಇದು. ಕೆಲವರಿಗೆ ಅಂಗಡಿಯವರು ಹೇಳಿರುತ್ತಾರೆ, ಕೆಲವರು ಡಬ್ಬದ ಮೇಲೆ "9 ತಿಂಗಳಿಂದ" ಅಂತ ಓದಿರುತ್ತಾರೆ. ಇನ್ನು ಕೆಲವರಿಗೆ ಮಗುವಿನ ಕಾಲು ಮಡಚಿಕೊಂಡಿರುವುದನ್ನು ನೋಡಿ ಅಯ್ಯೋ ಅನ್ನಿಸಿರುತ್ತದೆ.

ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆ ಸೇರಿಕೊಂಡಿವೆ. ಸೀಟು ದೊಡ್ಡದು ಮಾಡುವುದು ಒಂದು. ಮಗುವನ್ನು ಮುಂದಕ್ಕೆ ತಿರುಗಿಸಿ ಕೂರಿಸುವುದು ಇನ್ನೊಂದು. ಎರಡನ್ನೂ ಒಂದೇ ದಿನ ಮಾಡಬೇಕೆಂದಿಲ್ಲ. ಮೊದಲನೆಯದನ್ನು ಸಮಯ ನೋಡಿ ಮಾಡಿ. ಎರಡನೆಯದನ್ನು ಎಷ್ಟು ಮುಂದೂಡಿದರೆ ಅಷ್ಟು ಒಳ್ಳೆಯದು.

ಮೊದಲು ನಾಲ್ಕು ಪದ ತಿಳಿದುಕೊಳ್ಳೋಣ. ಮಗುವಿನ ಬೆನ್ನು ಡ್ರೈವರ್ ಕಡೆ, ಮುಖ ಹಿಂದಿನ ಗಾಜಿನ ಕಡೆ ಇದ್ದರೆ ಅದು ಹಿಮ್ಮುಖ ಸೀಟು. ನಮ್ಮ ಹಾಗೆ ಮುಂದೆ ನೋಡುತ್ತಾ ಕೂತರೆ ಮುಮ್ಮುಖ. ಮಗುವಿನ ಹೆಗಲ ಮೇಲಿಂದ ಬಂದು ಕಾಲ ಸಂದಿಯ ಬಕಲ್‌ಗೆ ಸೇರುವ ಪಟ್ಟಿಗಳಿಗೆ ಹಾರ್ನೆಸ್ ಎನ್ನುತ್ತಾರೆ. ಬಟ್ಟೆ ತೆಗೆದರೆ ಕಾಣುವ ಸೀಟಿನ ಗಟ್ಟಿ ಪ್ಲಾಸ್ಟಿಕ್ ಮೈಯೇ ಶೆಲ್.

ಹಿಮ್ಮುಖ ಯಾಕೆ ಅಂತ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಹುಟ್ಟಿದ ಮಗುವಿನ ಉದ್ದದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ತಲೆಯೇ ಇರುತ್ತದೆ. ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಅರ್ಧಕ್ಕರ್ಧ ಮೃದ್ವಸ್ಥಿಯೇ. ತೆಳು ಕಡ್ಡಿಯ ತುದಿಗೆ ತೆಂಗಿನಕಾಯಿ ಸಿಕ್ಕಿಸಿದ ಹಾಗೆ. ಮುಂದೆ ನೋಡಿ ಕೂತ ಮಗುವಿನ ಕಾರು ಎದುರಿನಿಂದ ಡಿಕ್ಕಿ ಹೊಡೆದರೆ ಹಾರ್ನೆಸ್ ಮೈಯನ್ನು ಹಿಡಿಯುತ್ತದೆ, ತಲೆ ಮಾತ್ರ ಮುಂದಕ್ಕೆ ಎಸೆಯಲ್ಪಡುತ್ತದೆ. ಹಿಮ್ಮುಖವಾಗಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಶೆಲ್ ಒಟ್ಟಿಗೆ ತಾಳಿಕೊಳ್ಳುತ್ತದೆ. ಸ್ವೀಡನ್‌ನಲ್ಲಿ ಮಕ್ಕಳನ್ನು ಸುಮಾರು 4 ವರ್ಷದವರೆಗೂ ಹೀಗೇ ಕೂರಿಸುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರಲ್ಲಿ ವಯಸ್ಸಿನ ಗಡಿಯನ್ನೇ ಬಿಟ್ಟು, ಸೀಟು ಎಷ್ಟು ತೂಕ, ಎಷ್ಟು ಎತ್ತರ ತಾಳುತ್ತದೋ ಅಲ್ಲಿಯವರೆಗೂ ಹಿಮ್ಮುಖವೇ ಇರಲಿ ಎಂದಿತು.

"ಅಷ್ಟೆಲ್ಲಾ ಯಾಕೆ, ನನ್ನ ಮಡಿಲಿಗೆ ಕೊಡು" ಎನ್ನುವ ಅಜ್ಜಿಗೂ ಒಂದು ಲೆಕ್ಕ ಇದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಗುದ್ದಿ ನಿಂತಾಗ ಮಗುವಿನ ತೂಕ ಇಪ್ಪತ್ತು ಪಟ್ಟು ಆದಷ್ಟು ಸೆಳೆತ ಬರಬಹುದು. 10 ಕೆ.ಜಿ. ಮಗು ಆ ಕ್ಷಣದಲ್ಲಿ 200 ಕೆ.ಜಿ. ಆದಂತೆ. ಎಷ್ಟೇ ಪ್ರೀತಿ ಇದ್ದರೂ ಅಷ್ಟು ಭಾರವನ್ನು ಯಾರ ಕೈಯೂ ಹಿಡಿಯಲಾರದು.

ಕಾನೂನೂ ಇದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕಾರು ಓಡಿಸಿದರೆ 1000 ರೂಪಾಯಿ ದಂಡ.

ಬೇಕಾಗುವುದು ಇಷ್ಟೇ: ಸೀಟಿನ ಜೊತೆ ಬಂದ ಪುಸ್ತಕ, ಕಾರಿನ ಪುಸ್ತಕ, ಟೇಪು, ತೂಕದ ಯಂತ್ರ, ಅರ್ಧ ಗಂಟೆ ಬಿಡುವು. ಮಗು ನಿದ್ದೆ ಮುಗಿಸಿ, ಹೊಟ್ಟೆ ತುಂಬಿಸಿಕೊಂಡಿರುವ ಹೊತ್ತು ನೋಡಿಕೊಳ್ಳಿ.

1. ಈಗಿರುವ ಸೀಟಿನ ಚೀಟಿ ಓದಿ

ಸೀಟನ್ನು ಕಾರಿನಿಂದ ಹೊರಗೆ ತೆಗೆದು ಮಗುಚಿ ಹಾಕಿ. ಬೆನ್ನಿಗೋ ತಳಕ್ಕೋ ಕಿತ್ತಳೆ ಬಣ್ಣದ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಒಂದು ವೃತ್ತ, ಒಳಗೆ ಇಂಗ್ಲಿಷಿನ 'ಇ' ಅಕ್ಷರ, ಪಕ್ಕದಲ್ಲಿ ಒಂದು ಅಂಕಿ. ಯಾವ ದೇಶ ಪರೀಕ್ಷೆ ಒಪ್ಪಿ ಮುದ್ರೆ ಹಾಕಿತು ಅನ್ನುವುದನ್ನು ಆ ಅಂಕಿ ಹೇಳುತ್ತದೆ. 1 ಅಂದರೆ ಜರ್ಮನಿ, 4 ಅಂದರೆ ನೆದರ್ಲೆಂಡ್ಸ್. ನಮ್ಮ ದೇಶದ ಮಾನದಂಡದ ಹೆಸರು ಎಐಎಸ್-072. ಈ ಯಾವ ಮುದ್ರೆಯೂ ಇಲ್ಲದ ಸೀಟು ನೋಡಲು ಎಷ್ಟೇ ಚೆನ್ನಾಗಿರಲಿ, ಆನ್‌ಲೈನ್‌ನಲ್ಲಿ ಎಷ್ಟೇ ಅಗ್ಗ ಇರಲಿ, ಅದು ಸುಮ್ನೆ ಒಂದು ಕುರ್ಚಿ. ಬೆಲ್ಟಿಗೆ ಕಟ್ಟುವ ಬಟ್ಟೆಯ ಕುಶನ್‌ಗಳನ್ನೂ ಇದೇ ಪಟ್ಟಿಗೆ ಸೇರಿಸಿ.

ಚೀಟಿಯಲ್ಲಿ "44" ಕಂಡರೆ ಅದು ಹಳೆಯ ನಿಯಮದ ಸೀಟು, ಲೆಕ್ಕವೆಲ್ಲ ತೂಕದ್ದು. 0+ ಗುಂಪು ಅಂದರೆ 13 ಕೆ.ಜಿ.ವರೆಗೆ, ಹಿಮ್ಮುಖ. 1ನೇ ಗುಂಪು ಅಂದರೆ 9ರಿಂದ 18 ಕೆ.ಜಿ. "129" ಅಂತ ಇದ್ದರೆ ಹೊಸ ನಿಯಮ, ಅದೇ ಐ-ಸೈಜ್. ಇಲ್ಲಿ ಸೆಂಟಿಮೀಟರ್ ಲೆಕ್ಕ: 40–75, 40–87, 40–105 ಹೀಗೆ. ಈ ನಿಯಮದಲ್ಲಿ 15 ತಿಂಗಳು ದಾಟುವವರೆಗೆ ಮಗುವನ್ನು ಮುಂದಕ್ಕೆ ತಿರುಗಿಸುವ ಹಾಗೇ ಇಲ್ಲ.

ತಯಾರಾದ ತಾರೀಖನ್ನೂ ನೋಡಿ. ಶೆಲ್ ಮೇಲೆ ಗಡಿಯಾರದಂಥ ಒಂದು ಚಿಕ್ಕ ಗುರುತು ಅಚ್ಚಾಗಿರುತ್ತದೆ, ಒಳಗೆ ವರ್ಷ, ಸುತ್ತ ತಿಂಗಳು. ಸಾಮಾನ್ಯವಾಗಿ 6ರಿಂದ 10 ವರ್ಷ ಆಯಸ್ಸು. ಬಿಸಿಲಲ್ಲಿ ಕಾದು ಕಾದು ಪ್ಲಾಸ್ಟಿಕ್ ಬಿಗುವು ಕಳೆದುಕೊಳ್ಳುತ್ತದೆ. ಕೋಲಾರದ ಏಪ್ರಿಲ್‌ನಲ್ಲಿ ಬಯಲಿನಲ್ಲಿ ನಿಂತ ಕಾರಿನ ಒಳಗೆ ಕೈ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2. ತೂಕ, ಉದ್ದ ನೋಡಿ

ಅಂಗನವಾಡಿಯಲ್ಲಿ ತೂಕ ಹಾಕುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಲಸಿಕೆಗೆ ಹೋದಾಗಲೂ ಹಾಕುತ್ತಾರೆ. ತಾಯಿ ಕಾರ್ಡ್‌ನಲ್ಲಿ ಬರೆದಿರುವ ಕೊನೆಯ ತೂಕ ಎಷ್ಟು ಹಳೆಯದು ಅಂತ ಗಮನಿಸಿ. ಮೂರು ತಿಂಗಳ ಹಿಂದಿನದಾದರೆ ಅದನ್ನು ನಂಬಿ ಸೀಟು ಕೊಳ್ಳಬೇಡಿ. ಮನೆಯಲ್ಲಿ ಡಿಜಿಟಲ್ ಯಂತ್ರ ಇದ್ದರೆ ಮಗುವನ್ನು ಎತ್ತಿಕೊಂಡು ನಿಂತು ತೂಕ ನೋಡಿ, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ಉದ್ದ ಅಳೆಯಲು ಮಗುವನ್ನು ಚಾಪೆ ಮೇಲೆ ಮಲಗಿಸಿ, ತಲೆ ಗೋಡೆಗೆ ತಾಗಿಸಿ, ಮಂಡಿ ಮೆಲ್ಲಗೆ ಒತ್ತಿ, ಹಿಮ್ಮಡಿ ಬಂದ ಕಡೆ ಗುರುತು ಮಾಡಿ. ಇಬ್ಬರು ಬೇಕು. ಒಬ್ಬರೇ ಆದರೆ ಆಗುವ ಕೆಲಸವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಒಂದು ವರ್ಷದ ಗಂಡು ಮಗುವಿನ ನಡುವಿನ ತೂಕ 9.6 ಕೆ.ಜಿ., ಹೆಣ್ಣು ಮಗುವಿನದು 8.9. ಎರಡು ವರ್ಷಕ್ಕೆ 12.2 ಮತ್ತು 11.5. ಅಂದರೆ ಎರಡು ವರ್ಷವಾದರೂ ಎಷ್ಟೋ ಮಕ್ಕಳು 13 ಕೆ.ಜಿ. ಮುಟ್ಟಿರುವುದಿಲ್ಲ. ಒಂದು ವರ್ಷದ ಎಷ್ಟೋ ಮಕ್ಕಳು 9 ಕೆ.ಜಿ. ಕೂಡ ಇರುವುದಿಲ್ಲ. ಅಂಥ ಮಗುವನ್ನು ಹುಟ್ಟುಹಬ್ಬದ ಮಾರನೇ ದಿನ 1ನೇ ಗುಂಪಿನ ಸೀಟಿಗೆ ಹಾಕಿದರೆ, ಆ ಸೀಟಿನ ಕನಿಷ್ಠ ತೂಕವನ್ನೇ ಮಗು ಮುಟ್ಟಿಲ್ಲ ಅಂತಾಯಿತು. ಡಬ್ಬದ ಮೇಲಿನ ವಯಸ್ಸು ಅಂದಾಜಿಗೆ ಮಾತ್ರ. ತೂಕ, ಎತ್ತರವೇ ನಿಯಮ.

3. ಮಗುವನ್ನು ಸೀಟಿನಲ್ಲಿ ಕೂರಿಸಿ ಮೂರು ಕಡೆ ನೋಡಿ

ಇದೇ ಮುಖ್ಯ ಹಂತ. ಟೋಪಿ, ಕುಲಾವಿ ತೆಗೆದು, ಹಾರ್ನೆಸ್ ಹಾಕಿ, ಮಗುವಿನ ಸೊಂಟ ಸೀಟಿನ ಮೂಲೆಗೆ ತಾಗಿದೆಯಾ ನೋಡಿಕೊಂಡು ಶುರು ಮಾಡಿ.

ಮೊದಲು ತಲೆ. ನೆತ್ತಿಯ ಮೇಲೆ ಒಂದು ಪುಸ್ತಕವನ್ನು ಅಡ್ಡ ಹಿಡಿದು ಶೆಲ್ಲಿನ ಮೇಲಂಚಿನವರೆಗೆ ಎಷ್ಟು ಜಾಗ ಉಳಿದಿದೆ ಅಳೆಯಿರಿ. ಬಟ್ಟೆಯ ಅಂಚು ಲೆಕ್ಕಕ್ಕಿಲ್ಲ, ಒಳಗಿನ ಗಟ್ಟಿ ಅಂಚನ್ನು ಬೆರಳಲ್ಲಿ ಮುಟ್ಟಿ ಹುಡುಕಿ. ಕೆಲವು ಕಂಪನಿಗಳು 2.5 ಸೆಂ.ಮೀ. ಉಳಿದಿರಬೇಕು ಎನ್ನುತ್ತವೆ, ಕೆಲವು ನೆತ್ತಿ ಅಂಚಿಗೆ ಸಮ ಆಗುವವರೆಗೂ ಬಿಡುತ್ತವೆ. ನಿಮ್ಮ ಸೀಟಿನ ಪುಸ್ತಕದ ಮಾತೇ ಕೊನೆ. ಪುಸ್ತಕ ಕಳೆದುಹೋಗಿದ್ದರೆ 2.5 ಸೆಂ.ಮೀ. ಲೆಕ್ಕವನ್ನೇ ಹಿಡಿಯಿರಿ. ನೆತ್ತಿ ಅಂಚು ದಾಟಿದರೆ ತೂಕ 9 ಕೆ.ಜಿ. ಇದ್ದರೂ ಆ ಸೀಟಿನ ಕೆಲಸ ಮುಗಿಯಿತು. ಹಿಡಿಕೆ ಇರುವ, ಬುಟ್ಟಿಯಂತೆ ಎತ್ತಿಕೊಂಡು ಹೋಗುವ ಶಿಶು ಸೀಟುಗಳಲ್ಲಿ ಹೆಚ್ಚಾಗಿ ಹೀಗೇ ಆಗುತ್ತದೆ. ತೂಕ ತುಂಬುವ ಮೊದಲೇ ತಲೆ ಮೇಲೆ ಬಂದಿರುತ್ತದೆ.

ಆಮೇಲೆ ಹೆಗಲು. ಹಿಮ್ಮುಖ ಸೀಟಿನಲ್ಲಿ ಹಾರ್ನೆಸ್ ಪಟ್ಟಿ ಹೆಗಲಿಗೆ ಸಮವಾಗಿ ಅಥವಾ ಸ್ವಲ್ಪ ಕೆಳಗಿನ ತೂತಿನಿಂದ ಬರಬೇಕು. ಮುಮ್ಮುಖದಲ್ಲಿ ಇದು ಉಲ್ಟಾ, ಹೆಗಲಿಗೆ ಸಮ ಅಥವಾ ಸ್ವಲ್ಪ ಮೇಲಿನಿಂದ. ಹಿಮ್ಮುಖದಲ್ಲಿ ಡಿಕ್ಕಿಯಾದಾಗ ಮಗು ಶೆಲ್ಲಿನ ಮೇಲೆ ಮೇಲಕ್ಕೆ ಜಾರುತ್ತದೆ, ಕೆಳಗಿನಿಂದ ಬಂದ ಪಟ್ಟಿ ಅದನ್ನು ತಡೆಯುತ್ತದೆ. ಅತಿ ಮೇಲಿನ ತೂತಿಗೆ ಹಾಕಿದರೂ ಮುಮ್ಮುಖ ಸೀಟಿನಲ್ಲಿ ಹೆಗಲು ಅದನ್ನೂ ದಾಟಿದ್ದರೆ ಆ ಸೀಟೂ ಚಿಕ್ಕದಾಯಿತು.

ಕೊನೆಗೆ ತೂಕ. ಚೀಟಿಯ ಮೇಲ್ಮಿತಿಗೆ ಅರ್ಧ ಕೆ.ಜಿ. ಮಾತ್ರ ಬಾಕಿ ಇದ್ದರೆ ಹೊಸ ಸೀಟು ಹುಡುಕಲು ಶುರು ಮಾಡಿ. ಒಂದು ವರ್ಷದ ನಂತರ ಮಕ್ಕಳು ತಿಂಗಳಿಗೆ ಸರಾಸರಿ 200 ಗ್ರಾಂ ಹೆಚ್ಚುತ್ತಾರೆ. ಹಾಗಾಗಿ ಎರಡು ತಿಂಗಳ ಮೇಲೆ ಸಮಯ ಇದೆ, ಗಾಬರಿ ಬೇಡ.

ಈ ಮೂರರಲ್ಲಿ ಯಾವುದಾದರೂ ಒಂದು ಗಡಿ ಮುಟ್ಟಿದರೂ ಸೀಟು ಬದಲಿಸಿ. ಮೂರೂ ಮುಟ್ಟಲಿ ಅಂತ ಕಾಯಬೇಡಿ.

ಕಾಲಿನ ವಿಷಯ ಇಲ್ಲಿ ಬರಲೇ ಇಲ್ಲ, ಗಮನಿಸಿದಿರಾ? ಹಿಮ್ಮುಖವಾಗಿ ಕೂತ ದೊಡ್ಡ ಮಗು ಕಾಲು ಮಡಚುತ್ತದೆ, ಚಕ್ಕಂಬಕ್ಕಳ ಹಾಕುತ್ತದೆ, ಇಲ್ಲವೇ ಕಾರಿನ ಸೀಟಿಗೆ ಪಾದ ಒತ್ತುತ್ತದೆ. ಮನೆಯಲ್ಲಿ ನೆಲದ ಮೇಲೂ ಅದು ಹಾಗೇ ಕೂರುವುದು ಅಲ್ವಾ? ಕಾಲು ಮಡಚಿದೆ ಅಂತ ಸೀಟು ಬದಲಿಸುವುದು, ಮುಂದಕ್ಕೆ ತಿರುಗಿಸುವುದು ಎರಡೂ ಬೇಡ.

4. ಯಾವ ಸೀಟಿಗೆ ಹೋಗಬೇಕು

9ರಿಂದ 13 ಕೆ.ಜಿ. ನಡುವಿನ ಮಗು ಎರಡೂ ಗುಂಪಿಗೆ ಸೇರುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಹಿಮ್ಮುಖದಲ್ಲಿ ಇನ್ನೂ 4 ಕೆ.ಜಿ. ಬಾಕಿ ಇರುವಾಗ, "ಹೇಗೂ 9 ಆಯ್ತಲ್ಲ" ಅಂತ ತಿರುಗಿಸಿಬಿಡುತ್ತಾರೆ.

ಶಿಶು ಸೀಟು ಚಿಕ್ಕದಾದರೆ ನನ್ನ ಸಲಹೆ ಕನ್ವರ್ಟಿಬಲ್ ಸೀಟು. ಮೊದಲು ಹಿಮ್ಮುಖವಾಗಿ, ಮುಂದೆ ಅದನ್ನೇ ಮುಮ್ಮುಖವಾಗಿ ಕಟ್ಟಲು ಬರುವಂಥದ್ದು. ಹಳೆಯ ನಿಯಮದ ಕನ್ವರ್ಟಿಬಲ್‌ಗಳು ಸಾಮಾನ್ಯವಾಗಿ 13 ಕೆ.ಜಿ.ವರೆಗೆ ಹಿಮ್ಮುಖ, 9ರಿಂದ 18ರವರೆಗೆ ಮುಮ್ಮುಖ. ಐ-ಸೈಜ್‌ನ ಕೆಲವು ಸೀಟುಗಳಲ್ಲಿ 105 ಸೆಂ.ಮೀ.ವರೆಗೂ ಹಿಮ್ಮುಖ ಇಡಬಹುದು. ದುಡ್ಡು ಹೊಂದಿದರೆ ಇದನ್ನೇ ನೋಡಿ. "0ರಿಂದ 12 ವರ್ಷ" ಅಂತ ಬರೆದ ಎಲ್ಲಕ್ಕೂ ಒಂದೇ ಸೀಟಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಕೊಳ್ಳುವುದೇ ಆದರೆ ಹಿಮ್ಮುಖ ಎಷ್ಟು ಕೆ.ಜಿ.ವರೆಗೆ ಅನ್ನುವ ಒಂದು ಪ್ರಶ್ನೆಗೆ ಉತ್ತರ ಸಿಗುವವರೆಗೆ ಬಿಲ್ ಹಾಕಿಸಬೇಡಿ.

ಸಂಬಂಧಿಕರು ಕೊಟ್ಟ ಹಳೆಯ ಸೀಟು ಬೇಡ ಅಂತಲ್ಲ. ತಯಾರಾದ ವರ್ಷ ಗೊತ್ತಿರಬೇಕು, ಪುಸ್ತಕ ಇರಬೇಕು, ಆ ಕಾರು ಅಪಘಾತಕ್ಕೆ ಸಿಕ್ಕಿರಬಾರದು. ಮೂರನೆಯದು ಖಾತ್ರಿ ಇಲ್ಲದಿದ್ದರೆ ಬಿಟ್ಟುಬಿಡಿ. ಶೆಲ್ಲಿನ ಒಳಬಿರುಕು ಕಣ್ಣಿಗೆ ಕಾಣುವುದಿಲ್ಲ.

5. ನಿಮ್ಮ ಕಾರಿಗೆ ಹಿಡಿಸುತ್ತದಾ

ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಜಾಗದ ನಡುವಿನ ಸಂದಿಯಲ್ಲಿ ಕೈ ಹಾಕಿ. ಸುಮಾರು 28 ಸೆಂ.ಮೀ. ಅಂತರದಲ್ಲಿ ಎರಡು ಲೋಹದ ಕೊಂಡಿ ಸಿಕ್ಕರೆ ಅದೇ ಐಸೊಫಿಕ್ಸ್. ಬೆಲ್ಟ್ ಇಲ್ಲದೆ ಸೀಟನ್ನು ನೇರವಾಗಿ ಕಾರಿನ ಮೈಗೆ ಸಿಕ್ಕಿಸುವ ಏರ್ಪಾಡು. ಇಲ್ಲದಿದ್ದರೆ ಬೇಸರ ಬೇಡ. ಬೆಲ್ಟಿನಿಂದ ಸರಿಯಾಗಿ ಕಟ್ಟಿದ ಸೀಟೂ ಅಷ್ಟೇ ಗಟ್ಟಿ. ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಾಡಿಗೆ ಕ್ಯಾಬ್‌ನಲ್ಲಿ ಹೋಗುವವರಿಗೆ ಬೆಲ್ಟಿನ ಸೀಟೇ ಅನುಕೂಲ. ಬರುವ ಕ್ಯಾಬ್‌ನಲ್ಲಿ ಕೊಂಡಿ ಇರುತ್ತದೋ ಇಲ್ಲವೋ ಯಾರಿಗೆ ಗೊತ್ತು.

ಸಾಧ್ಯವಾದರೆ ಸೀಟನ್ನು ನಿಮ್ಮ ಕಾರಿನಲ್ಲೇ ಕಟ್ಟಿ ನೋಡಿ, ಆಮೇಲೆ ಕೊಳ್ಳಿ. ಹಿಮ್ಮುಖವಾಗಿ ಕಟ್ಟುವಾಗ ಬೆಲ್ಟು ಸೀಟನ್ನು ಪೂರ್ತಿ ಸುತ್ತಿ ಬರಬೇಕು. ಚಿಕ್ಕ ಕಾರುಗಳಲ್ಲಿ ಬೆಲ್ಟು ಗೇಣುದ್ದ ಸಾಲದೆ ಹೋಗುವುದುಂಟು. ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ಸರಿಸಬೇಕಾಗುತ್ತದೆ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಹಿಂದಿನ ಎಡಗಡೆ ಕಟ್ಟಿ. ನಮ್ಮಲ್ಲಿ ಫುಟ್‌ಪಾತ್ ಆ ಕಡೆ ಬರುವುದರಿಂದ ಮಗುವನ್ನು ಇಳಿಸುವಾಗ ನಿಮ್ಮ ಬೆನ್ನಿಗೆ ಲಾರಿ ಬರುವುದಿಲ್ಲ.

ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟು ಯಾವತ್ತೂ ಇಡಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ರಭಸ ನೇರವಾಗಿ ಮಗುವಿನ ತಲೆಯ ಹಿಂದಿರುವ ಶೆಲ್ಲಿಗೆ ಬಡಿಯುತ್ತದೆ. ಇದಕ್ಕೆ "ಇವತ್ತೊಂದು ದಿನ" ಅನ್ನುವ ರಿಯಾಯಿತಿ ಇಲ್ಲ.

6. ಕಟ್ಟುವುದು

ಕನ್ವರ್ಟಿಬಲ್ ಸೀಟಿನಲ್ಲಿ ಬೆಲ್ಟ್ ಹಾಯಿಸಲು ಎರಡು ದಾರಿ ಇರುತ್ತವೆ. ನೀಲಿ ಗುರುತು ಹಿಮ್ಮುಖಕ್ಕೆ, ಕೆಂಪು ಗುರುತು ಮುಮ್ಮುಖಕ್ಕೆ. ಇವೆರಡು ಅದಲುಬದಲಾದರೆ ಉಳಿದದ್ದೆಲ್ಲ ಸರಿ ಇದ್ದೂ ಪ್ರಯೋಜನವಿಲ್ಲ. ಮೊಣಕೈಯನ್ನೋ ಮಂಡಿಯನ್ನೋ ಸೀಟಿನೊಳಗೆ ಊರಿ ಭಾರ ಬಿಟ್ಟು ಬೆಲ್ಟ್ ಎಳೆಯಿರಿ. ಆಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲೇ ಹಿಡಿದು ಅಲುಗಾಡಿಸಿ. 2.5 ಸೆಂ.ಮೀ.ಗಿಂತ ಜಾಸ್ತಿ ಸರಿಯಬಾರದು. ಸೀಟಿನ ತಲೆ ಹಿಡಿದು ಅಲ್ಲಾಡಿಸಿದರೆ ಹಿಮ್ಮುಖದಲ್ಲಿ ಸ್ವಲ್ಪ ಆಡಿಯೇ ಆಡುತ್ತದೆ, ಅದು ಲೆಕ್ಕವಲ್ಲ.

ಐಸೊಫಿಕ್ಸ್ ಆದರೆ ಎರಡೂ ಕಡೆ ಕ್ಲಿಕ್ ಕೇಳಬೇಕು, ಗುರುತು ಕೆಂಪಿನಿಂದ ಹಸಿರಿಗೆ ತಿರುಗಬೇಕು. ಜೊತೆಗೆ ಮೂರನೆಯ ಆಸರೆ ಒಂದಿರುತ್ತದೆ. ಕೆಲವು ಸೀಟಿಗೆ ಕಾರಿನ ನೆಲಕ್ಕೆ ಊರುವ ಕಾಲು, ಕೆಲವಕ್ಕೆ ಟಾಪ್ ಟೆದರ್, ಅಂದರೆ ಸೀಟಿನ ತಲೆಯಿಂದ ಹಿಂದಕ್ಕೆ ಹೋಗಿ ಸಿಕ್ಕಿಕೊಳ್ಳುವ ಪಟ್ಟಿ. ಕಾಲು ಇದ್ದರೆ ಅದರ ಕೆಳಗಿನ ನೆಲದಲ್ಲಿ ಸಾಮಾನು ಇಡುವ ಗುಂಡಿಯ ಮುಚ್ಚಳ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಟೆದರ್ ಆದರೆ ಅದರ ಕೊಕ್ಕೆಯನ್ನು ಡಿಕ್ಕಿಯಲ್ಲಿ ಲಗೇಜ್ ಕಟ್ಟುವ ಕೊಂಡಿಗೆ ಹಾಕಬೇಡಿ. ಅಸಲಿ ಕೊಂಡಿ ಎಲ್ಲಿದೆ ಅಂತ ಕಾರಿನ ಪುಸ್ತಕದಲ್ಲಿ ಚಿತ್ರ ಸಹಿತ ಇರುತ್ತದೆ.

ಹಿಮ್ಮುಖದಲ್ಲಿ ಒರಗುವ ಕೋನವೂ ಮುಖ್ಯ. ನಿದ್ದೆ ಬಂದಾಗ ಗಲ್ಲ ಎದೆಗೆ ಬೀಳಬಾರದು, ಉಸಿರಿಗೆ ತೊಂದರೆ. ಸೀಟಿನ ಮೇಲಿರುವ ಗೆರೆ ಅಥವಾ ನೀರಿನ ಗುಳ್ಳೆ ನೋಡಿ ಹೊಂದಿಸಿ. ಆ ಹೊತ್ತಿನಲ್ಲಿ ಕಾರು ಸಮತಟ್ಟಾದ ಜಾಗದಲ್ಲಿ ನಿಂತಿರಲಿ.

7. ಮಗುವಿಗೆ ಹಾರ್ನೆಸ್ ಹೊಂದಿಸುವುದು

ಹಸುಗೂಸಿಗೆಂದು ಕೊಟ್ಟ ಒಳದಿಂಬು ಎಷ್ಟು ಕೆ.ಜಿ.ವರೆಗೆ ಅಂತ ನೋಡಿ, ದಾಟಿದ್ದರೆ ತೆಗೆಯಿರಿ. ಎಷ್ಟೋ ಸಲ "ಸೀಟು ಚಿಕ್ಕದಾಯ್ತು" ಅನ್ನುವುದು ಈ ದಿಂಬು ತೆಗೆಯದಿದ್ದಕ್ಕೆ! ಪಟ್ಟಿ ಎಳೆದು ಬಿಗಿ ಮಾಡಿದ ಮೇಲೆ ಕೊರಳಮೂಳೆಯ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಮೇಲಿಂದ ಕೆಳಕ್ಕೆ ಚಿವುಟಿ. ಮಡಿಕೆ ಬೆರಳಿಗೆ ಸಿಕ್ಕರೆ ಇನ್ನೂ ಸಡಿಲ. ಬೆರಳು ಜಾರಿದರೆ ಸರಿ.

ಚಿಕ್ಕಬಳ್ಳಾಪುರದವರಿಗೆ ಡಿಸೆಂಬರಿನ ಎಚ್ಚರಿಕೆ. ಬೆಳಗಿನ ಚಳಿಗೆ ದಪ್ಪ ಸ್ವೆಟರ್, ಜಾಕೆಟ್ ಹಾಕಿ ಅದರ ಮೇಲೆ ಹಾರ್ನೆಸ್ ಬಿಗಿದರೆ, ಬಿಗಿ ಇರುವುದು ಬಟ್ಟೆಗೆ, ಮಗುವಿಗಲ್ಲ. ಡಿಕ್ಕಿಯಾದಾಗ ಉಣ್ಣೆ ಚಪ್ಪಟೆಯಾಗಿ ಪಟ್ಟಿ ಸಡಿಲವಾಗುತ್ತದೆ. ತೆಳು ಬಟ್ಟೆಯಲ್ಲಿ ಕಟ್ಟಿ, ಮೇಲಿನಿಂದ ಶಾಲು ಹೊದಿಸಿ. ಬೇಸಿಗೆಯಲ್ಲಿ ಬಕಲ್ ಲೋಹ ಸುಡುತ್ತದೆ. ಕೂರಿಸುವ ಮೊದಲು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ಐದು ನಿಮಿಷಕ್ಕೆಂದರೂ ಮಗುವನ್ನು ಒಂಟಿಯಾಗಿ ಕಾರಿನಲ್ಲಿ ಬಿಡಬೇಡಿ.

8. ಮೊದಲ ಓಡಾಟ

ಹೊಸ ಸೀಟಿನಲ್ಲಿ ಮೊದಲ ದಿನವೇ ಬೆಂಗಳೂರಿಗೆ ಹೊರಡಬೇಡಿ. ಊರೊಳಗೆ ಒಂದು ಸುತ್ತು, ಆಮೇಲೆ ಕ್ಯಾತ್ಸಂದ್ರದವರೆಗೆ. ವಾಪಸ್ ಬಂದ ಮೇಲೆ ಬೆಲ್ಟ್ ಸಡಿಲವಾಗಿದೆಯಾ ಅಂತ ಇನ್ನೊಮ್ಮೆ ಅಲುಗಾಡಿಸಿ. ದೂರದ ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸಿ ಮಗುವನ್ನು ಹೊರಗೆ ಎತ್ತಿಕೊಳ್ಳಿ. ಮನೆ ತಲುಪಿದಾಗ ನಿದ್ದೆಯಲ್ಲಿದ್ದರೂ ಸೀಟಿನಲ್ಲೇ ಬಿಡದೆ ಚಪ್ಪಟೆ ಹಾಸಿಗೆಗೆ ಮಲಗಿಸಿ.

ಅಳುತ್ತದಲ್ಲ ಅಂತ ಕೇಳುವಿರಿ. ಅಳುತ್ತದೆ. ಹೈವೇಯಲ್ಲಿ ಅತ್ತಾಗ ಎತ್ತಿ ಮಡಿಲಿಗೆ ಹಾಕಿಕೊಳ್ಳುವ ಬದಲು ಪೆಟ್ರೋಲ್ ಬಂಕ್ ಸಿಗುವವರೆಗೆ ತಾಳಿ, ನಿಲ್ಲಿಸಿ, ಸಮಾಧಾನ ಮಾಡಿ, ಮತ್ತೆ ಕಟ್ಟಿ. ಒಮ್ಮೆ ಅತ್ತು ಇಳಿದರೆ ಮುಂದಿನ ಸಲ ಬೇಗ ಅಳುತ್ತದೆ. ದೇವರಾಯನದುರ್ಗದಂಥ ತಿರುವು ದಾರಿಯಲ್ಲಿ ವಾಂತಿ ಮಾಡುತ್ತದೆ ಅಂತ ಕೆಲವರು ಮುಂದಕ್ಕೆ ತಿರುಗಿಸುತ್ತಾರೆ. ಅದಕ್ಕಿಂತ ಮೊದಲು ಹೊರಡುವ ಮುಂಚೆ ಕಡಿಮೆ ಹಾಲು, ನಿಧಾನ ಓಟ, ಸ್ವಲ್ಪ ಕಿಟಕಿ ಗಾಳಿ ಇವನ್ನು ನೋಡಿ.

ಇನ್ನು ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸಿ ಕಾರಿನ ಬೆಲ್ಟನ್ನೇ ಹಾಕುವ ಸೀಟು. ಅದಕ್ಕೆ ಕನಿಷ್ಠ 15 ಕೆ.ಜಿ., ಸುಮಾರು 100 ಸೆಂ.ಮೀ. ಬೇಕು, ಜೊತೆಗೆ ದಾರಿಯುದ್ದಕ್ಕೂ ನೆಟ್ಟಗೆ ಕೂರುವ ಬುದ್ಧಿಯೂ ಬಂದಿರಬೇಕು. 4 ವರ್ಷಕ್ಕೆ ಮುಂಚೆ ಅದರ ಯೋಚನೆ ಬೇಡ. ಹಾರ್ನೆಸ್ ಸೀಟಿನಲ್ಲಿ ಇನ್ನೂ ಜಾಗ ಇದ್ದರೆ ಆಮೇಲೂ ಬೇಡ.

ಹೊರಗೆ ಬಂದ ಹಳೆಯ ಸೀಟು ಒಳ್ಳೆಯ ಸ್ಥಿತಿಯಲ್ಲಿದ್ದರೆ ಪುಸ್ತಕ, ಒಳದಿಂಬು ಸಮೇತ ಇನ್ನೊಬ್ಬರಿಗೆ ಕೊಡಿ. ಅವಧಿ ಮುಗಿದಿದ್ದರೆ ಅಥವಾ ಅಪಘಾತ ಕಂಡಿದ್ದರೆ ಗುಜರಿಗೆ ಹಾಕುವ ಮೊದಲು ಹಾರ್ನೆಸ್ ಪಟ್ಟಿಗಳನ್ನು ಕತ್ತರಿಸಿ. ಇಲ್ಲದಿದ್ದರೆ ಅದನ್ನು ಒರೆಸಿ, ತೊಳೆದು ಇನ್ಯಾರದ್ದೋ ಕಾರಿಗೆ ಮಾರಿಬಿಡುತ್ತಾರೆ.